ರಾಜೀನಾಮೆ ಪತ್ರ, ಕ್ಯಾಮೆರಾ ಮತ್ತು ಲಾಲಾ ದೀನ್ ದಯಾಳ್

ನನ್ನ ಮೇಲ್‌ನ ಡ್ರಾಫ್ಟ್ ಫೋಲ್ಡರಿನಲ್ಲಿ ಎಂಟು ತಿಂಗಳಿಂದ ಒಂದು ಪತ್ರ ಕೊಳೆಯುತ್ತಾ ಬಿದ್ದಿದೆ. ಮ್ಯಾನೇಜರಿಗೆ ಬರೆದ ರಾಜೀನಾಮೆ ಪತ್ರ. ಸೋಮವಾರ ಬೆಳಿಗ್ಗೆ ಅದನ್ನು ತೆಗೆದು ಓದುತ್ತೇನೆ, ಒಂದು ಕಾಮಾ ಸರಿಮಾಡುತ್ತೇನೆ, ಮತ್ತೆ ಮುಚ್ಚಿಡುತ್ತೇನೆ. ತಿಂಗಳ ಕೊನೆಗೆ ಸಂಬಳದ ಮೆಸೇಜು ಬರುತ್ತಿದ್ದಂತೆ ಇದ್ದಬದ್ದ ಧೈರ್ಯವೂ ಕರಗಿಹೋಗುತ್ತೆ :)

ವಿಷಯ ಏನಪ್ಪಾ ಅಂದ್ರೆ, ಮೂರು ವರ್ಷದ ಹಿಂದೆ ಬೋನಸ್ ದುಡ್ಡಲ್ಲಿ ಒಂದು ಕ್ಯಾಮೆರಾ ತಗೊಂಡೆ. ಶನಿವಾರ, ಭಾನುವಾರ ಬಂತೆಂದರೆ ಹೆಗಲಿಗೆ ಬ್ಯಾಗು. ಫೋಟೋ ನೋಡಿದ ಗೆಳೆಯರೆಲ್ಲ "ಸೂಪರ್ ಮಗಾ, ಕೆಲಸ ಬಿಟ್ಟು ಇದನ್ನೇ ಮಾಡು" ಅಂದರು. ಹಾಗಂದವರಲ್ಲಿ ಒಬ್ಬನೂ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳಲಿಲ್ಲ ಅನ್ನೋದು ಬೇರೆ ಮಾತು.

ಕೊನೆಗೊಮ್ಮೆ ಕೆಲಸ ಸಿಕ್ಕಿತು. ದೂರದ ನೆಂಟರ ಮನೆಯ ನಾಮಕರಣ. ಬೆಳಿಗ್ಗೆ ಆರಕ್ಕೆ ಹೋದವನು ಊಟದ ಪಂಕ್ತಿ ಮುಗಿಯುವ ತನಕ ನಿಂತೇ ಇದ್ದೆ. ಆಮೇಲೆ ಮೂರು ರಾತ್ರಿ ಕೂತು ಫೋಟೋ ತಿದ್ದಿ ಕೊಟ್ಟೆ. ಹೊರಡುವಾಗ ಮಾವ ತಾಂಬೂಲದ ಜೊತೆ ಒಂದು ಶರ್ಟ್ ಪೀಸ್ ಇಟ್ಟು, "ನೀನು ಮನೆ ಹುಡುಗ ಕಣಪ್ಪಾ, ದುಡ್ಡು ಕೊಟ್ಟರೆ ನಿನಗೇ ಬೇಜಾರಾಗುತ್ತೆ" ಅಂದರು. ನನಗೆ ಖಂಡಿತಾ ಬೇಜಾರಾಗುತ್ತಿರಲಿಲ್ಲ! ಮನೆಗೆ ಬಂದು ಹೇಳಿದರೆ ಅಮ್ಮ, "ಬಟ್ಟೆ ಮಾತ್ರ ಚೆನ್ನಾಗಿದೆ ಕಣೋ" ಅಂದಳು.

ಆ ಬೇಸರದಲ್ಲೇ ಹಳೆಯ ಕಾಲದ ಛಾಯಾಗ್ರಾಹಕರ ಬಗ್ಗೆ ಓದಲು ಶುರುಮಾಡಿದ್ದು. ನಿಜ ಹೇಳಬೇಕೆಂದರೆ ನಾನು ಇತಿಹಾಸ ಹುಡುಕುತ್ತಿರಲಿಲ್ಲ, ಧೈರ್ಯ ಹುಡುಕುತ್ತಿದ್ದೆ. ಕೆಲಸಕ್ಕೆ ಕೈಮುಗಿದು ಹೊರಟು ಗೆದ್ದವನ ಕಥೆ ಒಂದಾದರೂ ಸಿಕ್ಕರೆ ಅದನ್ನೇ ನೆಪ ಮಾಡಿಕೊಂಡು ಸೆಂಡ್ ಒತ್ತಿಬಿಡೋಣ ಅಂತ. ಮೊದಲು ಸಿಕ್ಕಿದ್ದು ಸ್ಯಾಮ್ಯುಯೆಲ್ ಬೋರ್ನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವನು ಅದನ್ನು ಬಿಟ್ಟು, 1863ರಲ್ಲಿ ಫೋಟೋ ತೆಗೆದೇ ಬದುಕುತ್ತೇನೆಂದು ಭಾರತಕ್ಕೆ ಬಂದ. ಅವನ ಹೆಸರು ಹೊತ್ತ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಕೋಲ್ಕತ್ತಾದಲ್ಲಿ 2016ರವರೆಗೂ ನಡೆಯಿತು. ಆಹಾ, ಸಿಕ್ಕಿದ ನಮ್ಮವನು ಅಂದುಕೊಂಡೆ.

ಆದರೆ ಅವನ ಬೆನ್ನಿಗೇ ಸಿಕ್ಕ ಇನ್ನೊಬ್ಬರು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿಬಿಟ್ಟರು. ಲಾಲಾ ದೀನ್ ದಯಾಳ್. ಇಂಜಿನಿಯರಿಂಗ್ ಓದಿದವರು ಅಂತ ಗೊತ್ತಾದಾಗಲೇ ನನ್ನ ಕಿವಿ ನೆಟ್ಟಗಾಯಿತು.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ, ಒಡವೆ ವ್ಯಾಪಾರದ ಜೈನ ಮನೆತನದಲ್ಲಿ. ಕಲಿತದ್ದು ರೂರ್ಕಿಯ ಥಾಮಸನ್ ಸಿವಿಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇವತ್ತಿನ ಐಐಟಿ ರೂರ್ಕಿಯಲ್ಲಿ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ನಕ್ಷೆ ಬರೆಯುವುದು, ಕಟ್ಟಡಗಳ ಖರ್ಚಿನ ಅಂದಾಜು ಹಾಕುವುದು ಅವರ ಕೆಲಸ. ನಮ್ಮ ಎಸ್ಟಿಮೇಶನ್ ಮೀಟಿಂಗುಗಳ ಹಳೆಯ ಕಾಲದ ರೂಪ ಅನ್ನಿ!

ಅವರು ಕ್ಯಾಮೆರಾ ಹಿಡಿದದ್ದು 1874ರಲ್ಲಿ. ಆಗ ಅವರಿಗೆ ಮೂವತ್ತು ವರ್ಷ. ನನಗೀಗ ಇಪ್ಪತ್ತೆಂಟು. ಸ್ವಲ್ಪ ಸಮಾಧಾನ ಆಯ್ತು :)

ಆಗಿನ ಫೋಟೋಗ್ರಫಿ ಅಂದರೆ ತಮಾಷೆಯಲ್ಲ. ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಕತ್ತಲಲ್ಲಿ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಕ್ಯಾಮೆರಾದೊಳಗಿಟ್ಟು ಚಿತ್ರ ತೆಗೆದು, ಅಲ್ಲೇ ಡೆವಲಪ್ ಮಾಡಬೇಕು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಹಾಗಾಗಿ ಊರಾಚೆ ಹೋದರೆ ಡಾರ್ಕ್‌ರೂಮ್ ಗುಡಾರ, ಗಾಜು, ರಾಸಾಯನಿಕದ ಬಾಟಲಿ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕಿತ್ತು. ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದದ ಮೇಲೆ, ಬಿಸಿಲಿಗಿಟ್ಟು ಪ್ರಿಂಟ್ ತೆಗೆಯುವುದು. ಬರೀ ಸಂಬಳದಲ್ಲಿ ಒಬ್ಬನೇ ನಡೆಸುವ ಹವ್ಯಾಸ ಅಲ್ಲ ಇದು. ಇಷ್ಟೆಲ್ಲ ಖರ್ಚು ಹುಟ್ಟಬೇಕಾದರೆ ದುಡ್ಡು ಕೊಡುವವರು ಬೇಕೇಬೇಕು.

ಆ ಗಿರಾಕಿಗಳು ಸಿಕ್ಕಿದ್ದು ಎಲ್ಲಿ? ಕಛೇರಿಯ ಸುತ್ತಮುತ್ತಲೇ! ಇಂದೋರ್ ಹೋಳ್ಕರ್ ಸಂಸ್ಥಾನದ ರಾಜಧಾನಿ. ಮಧ್ಯ ಭಾರತದ ಸಂಸ್ಥಾನಗಳ ಮೇಲುಸ್ತುವಾರಿ ನೋಡುವ ಬ್ರಿಟಿಷ್ ಏಜೆಂಟ್ ಇದ್ದದ್ದೂ ಅಲ್ಲೇ. ಮಹಾರಾಜ ಎರಡನೆಯ ತುಕೋಜಿರಾವ್ ದೀನ್ ದಯಾಳರಿಗೆ ಬೆಂಬಲ ಕೊಟ್ಟರು. ಏಜೆಂಟ್ ಆಗಿದ್ದ ಸರ್ ಹೆನ್ರಿ ಡೇಲಿಗೂ ಇವರ ಕೆಲಸ ಹಿಡಿಸಿತು. ಡೇಲಿಯ ಮೂಲಕ ಸುತ್ತಲಿನ ಸಂಸ್ಥಾನಿಕರ ಭಾವಚಿತ್ರ ತೆಗೆಯುವ ಅವಕಾಶ ಸಿಕ್ಕಿತು. ಒಬ್ಬ ರಾಜನ ಚಿತ್ರ ನೋಡಿದ ಇನ್ನೊಬ್ಬ ರಾಜ ಸುಮ್ಮನಿರುತ್ತಾನೆಯೇ? 1875-76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಚಿತ್ರ ತೆಗೆದವರಲ್ಲಿ ಇವರೂ ಒಬ್ಬರು. ಕ್ಯಾಮೆರಾ ಹಿಡಿದು ಆಗಿನ್ನೂ ಎರಡು ವರ್ಷ ಕೂಡ ಸರಿಯಾಗಿ ಆಗಿರಲಿಲ್ಲ.

ನಾನಾಗಿದ್ದರೆ ಮರುದಿನವೇ ರಾಜೀನಾಮೆ ಬಿಸಾಕುತ್ತಿದ್ದೆ. ದೀನ್ ದಯಾಳ್ ಮತ್ತೆ ಇಲಾಖೆಯ ಕೆಲಸಕ್ಕೆ ಹೋದರು.

1880ರ ದಶಕದ ಮೊದಲಲ್ಲಿ ಡೇಲಿಯ ಜಾಗಕ್ಕೆ ಬಂದವನು ಸರ್ ಲೆಪೆಲ್ ಗ್ರಿಫಿನ್. ಬುಂದೇಲ್‌ಖಂಡದ ಪ್ರವಾಸಕ್ಕೆ ಇವರನ್ನು ಜೊತೆಗೆ ಕರೆದುಕೊಂಡು ಹೋದ. ಕೋಟೆ, ಅರಮನೆ, ದೇವಸ್ಥಾನಗಳ ಆ ಚಿತ್ರಗಳು 1886ರಲ್ಲಿ ಮಧ್ಯ ಭಾರತದ ಸ್ಮಾರಕಗಳ ಬಗ್ಗೆ ಗ್ರಿಫಿನ್ ತಂದ ದೊಡ್ಡ ಪುಸ್ತಕಕ್ಕೆ ಬಂದವು. ಕಟ್ಟಡಗಳ ನಕ್ಷೆ ಬರೆದು ಪಳಗಿದ ಕಣ್ಣು ಅದು. ಆ ಚಿತ್ರಗಳಲ್ಲಿ ಕಂಬ ನೆಟ್ಟಗೆ ಕಂಬವಾಗಿಯೇ ನಿಂತಿರುತ್ತೆ. ಹಗಲಿನ ನೌಕರಿ ಅವರ ಕಲೆಗೆ ಅಡ್ಡಿಯಾಗಲಿಲ್ಲ, ಕಲೆಗೆ ಬೇಕಾದ್ದನ್ನು ಅದೇ ಕಲಿಸಿಕೊಟ್ಟಿತ್ತು ಅಂತ ನನಗನ್ನಿಸಿದ್ದು ಇಲ್ಲಿ.

ಇದರಲ್ಲೊಂದು ವ್ಯಾಪಾರದ ಗುಟ್ಟೂ ಇದೆ. ಭಾವಚಿತ್ರವನ್ನು ಕೊಳ್ಳುವವರು ತೆಗೆಸಿಕೊಂಡವರು, ಹೆಚ್ಚೆಂದರೆ ಅವರ ನೆಂಟರು. ಆದರೆ ಕೋಟೆಯ ಚಿತ್ರದ ಒಂದೇ ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ತೆಗೆದು, ಊರು ನೋಡಲು ಬಂದವರಿಗೆ, ಆಲ್ಬಮ್ ಕಟ್ಟಿಸುವ ಅಧಿಕಾರಿಗಳಿಗೆ ವರ್ಷಗಟ್ಟಲೆ ಮಾರಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ಸರ್ವೀಸು, ಇನ್ನೊಂದು ಪ್ರಾಡಕ್ಟು. ದೀನ್ ದಯಾಳ್ ಎರಡನ್ನೂ ನಡೆಸಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅವರು ಕೆಲಸ ಬಿಟ್ಟದ್ದು ಯಾವಾಗ? ಕ್ಯಾಮೆರಾ ಹಿಡಿದು ಹತ್ತು ವರ್ಷ ದಾಟಿದ ಮೇಲೆ, 1880ರ ದಶಕದ ನಡುವಿನಲ್ಲಿ. ಆಗಲೂ ರಾಜೀನಾಮೆ ಕೊಡಲಿಲ್ಲ, ಎರಡು ವರ್ಷ ರಜೆ ಹಾಕಿದರು! ಊರೂರು ತಿರುಗಿ ತಮ್ಮ ಚಿತ್ರಸಂಗ್ರಹ ಬೆಳೆಸಿದರು. ವೈಸರಾಯ್ ಡಫರಿನ್ ಅವರನ್ನು ತನ್ನ ಛಾಯಾಗ್ರಾಹಕನೆಂದು ನೇಮಿಸಿಕೊಂಡ. ಅದೆಲ್ಲ ಗಟ್ಟಿಯಾದ ಮೇಲೆ ಸರ್ಕಾರಿ ಸೇವೆಯಿಂದ ನಿವೃತ್ತರಾದರು. ಇದನ್ನು ಓದಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ.

ಮುಂದಿನದು ನಿಮಗೂ ಗೊತ್ತಿರಬಹುದು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಇದೇ ನಿಜಾಮರ ಸೀಮೆ. 'ರಾಜಾ' ಎಂಬ ಬಿರುದು ಬಂದದ್ದೂ ನಿಜಾಮರಿಂದಲೇ. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೇ ಅಂತ ಒಂದು ಜನಾನಾ ಸ್ಟುಡಿಯೋ ಶುರುವಾಯಿತು. ಅದನ್ನು ನಡೆಸುತ್ತಿದ್ದವರು ಕೆನಿ-ಲೆವಿಕ್ ಎಂಬ ಬ್ರಿಟಿಷ್ ಮಹಿಳೆ. ಪರ್ದಾದೊಳಗಿದ್ದ ಹೆಂಗಸರು ಗಂಡಸು ಛಾಯಾಗ್ರಾಹಕರ ಮುಂದೆ ಕೂರುವಂತಿಲ್ಲ, ಆದರೆ ಅವರಿಗೂ ಫೋಟೋ ಬೇಕು ತಾನೆ? ಬೇರೆಯವರು 'ಗಿರಾಕಿ ಇಲ್ಲ' ಅಂದುಕೊಂಡ ಕಡೆ ಇವರು ಬಾಗಿಲು ತೆರೆದರು. 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೋ ಆಯಿತು.

ಅವರು ತೀರಿಕೊಂಡದ್ದು 1905ರಲ್ಲಿ. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿಯನ್ನೂ ತಂದಿತು.

ಇದನ್ನೆಲ್ಲ ಓದಿ 'ಗುರುವೇ, ದಾರಿ ಸಿಕ್ಕಿತು' ಅನ್ನುವಷ್ಟು ಸಲೀಸಿಲ್ಲ ಬಿಡಿ. ಎಲ್ಲರ ಕಛೇರಿಯ ಪಕ್ಕದಲ್ಲೂ ಮಹಾರಾಜರು ಇರುವುದಿಲ್ಲ. ಅಧಿಕಾರದ ಹತ್ತಿರ ಇದ್ದದ್ದರಿಂದ ಬಂದ ಅವಕಾಶಗಳವು. ಅವರ ಚಿತ್ರಗಳಲ್ಲಿ ದರ್ಬಾರು, ಬೇಟೆ, ಸೈನ್ಯದ ಕವಾಯತು ತುಂಬಿರುವುದಕ್ಕೂ ಅದೇ ಕಾರಣ, ಯಾಕಂದರೆ ದುಡ್ಡು ಕೊಟ್ಟು ತೆಗೆಸುತ್ತಿದ್ದವರು ಅವರೇ. ಹವ್ಯಾಸ ಹೊಟ್ಟೆಪಾಡಾದಾಗ ಯಾವ ಕಡೆ ಕ್ಯಾಮೆರಾ ತಿರುಗಿಸಬೇಕು ಅನ್ನೋದನ್ನು ಗಿರಾಕಿಯೂ ಅಷ್ಟಿಷ್ಟು ನಿರ್ಧರಿಸುತ್ತಾನೆ. ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ನನಗಿರುವ ಸ್ವಾತಂತ್ರ್ಯ ಆಮೇಲೂ ಇರುತ್ತಾ? ಗೊತ್ತಿಲ್ಲ.

ಆದರೂ ಒಂದು ವಿಷಯ ಮನಸ್ಸಿಗೆ ನಾಟಿದೆ. ನಾನು ಧೈರ್ಯ ಹುಡುಕಿಕೊಂಡು ಹೋಗಿದ್ದೆ, ಆ ಮನುಷ್ಯ ನನಗೆ ಲೆಕ್ಕ ತೋರಿಸಿದರು. ಎಷ್ಟಾದರೂ ಅಂದಾಜು ಪಟ್ಟಿ ಹಾಕುತ್ತಿದ್ದವರಲ್ಲವೇ! ಕೆಲಸ ಬಿಟ್ಟು ಗಿರಾಕಿ ಹುಡುಕಲಿಲ್ಲ. ಗಿರಾಕಿಗಳು ಸಾಲುಗಟ್ಟಿದ ಮೇಲೆ, ಮೊದಲು ರಜೆ, ಆಮೇಲೆ ವಿದಾಯ.

ಕಳೆದ ತಿಂಗಳು ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗ, ಶಿರಸಿಯ ಹತ್ತಿರ ಅವರ ಚಿಕ್ಕಪ್ಪ ಹೋಂಸ್ಟೇ ಮಾಡ್ತಿದ್ದಾರೆ, ಫೋಟೋ ತೆಗೆದುಕೊಡ್ತೀಯಾ ಅಂತ ಕೇಳಿದ. ಎರಡು ದಿನಕ್ಕೆ ಆರು ಸಾವಿರ, ಎರಡು ಸಾವಿರ ಮುಂಗಡ ಅಂದೆ. ಹೇಳುವಾಗ ನಾಲಿಗೆ ಒಣಗಿತ್ತು. ಅವನು ಆರಾಮಾಗಿ "ಓಕೆ, ಈಗಲೇ ಹಾಕ್ತೀನಿ" ಅಂದು ಫೋನ್ ತೆಗೆದ. ಇಷ್ಟು ದಿನ ನಾನು ಯಾರ ಹತ್ತಿರವೂ ದುಡ್ಡು ಕೇಳಿಯೇ ಇರಲಿಲ್ಲ ಅಂತ ಹೊಳೆದದ್ದು ಆಗಲೇ. ನಾಮಕರಣದ ದಿನ ಮಾವನ ಹತ್ತಿರವೂ ಮೊದಲೇ ಮಾತಾಡಿರಲಿಲ್ಲ.

ರಾಜೀನಾಮೆ ಪತ್ರ ಡ್ರಾಫ್ಟಿನಲ್ಲೇ ಇದೆ, ಅಳಿಸಿಲ್ಲ. ಸದ್ಯಕ್ಕೆ ಎರಡು ದಿನದ ರಜೆಗೆ ಬರೆದಿದ್ದೇನೆ. ಶರ್ಟ್ ಪೀಸನ್ನೂ ಹೊಲಿಯೋಕೆ ಕೊಟ್ಟಾಯ್ತು, ಶಿರಸಿಗೆ ಅದನ್ನೇ ಹಾಕಿಕೊಂಡು ಹೋಗೋಣ ಅಂತ :)

ನಿಮ್ಮಲ್ಲಿ ಯಾರಾದರೂ ಹವ್ಯಾಸದಿಂದ ಮೊದಲ ಬಾರಿ ದುಡ್ಡು ಎಣಿಸಿದವರಿದ್ದರೆ, ಅದು ಹೇಗಾಯ್ತು ಅಂತ ಹೇಳ್ತೀರಾ?