ಮಳೆಯ ನೆರಳಿನ ನಾಡು

ಮುಂಬಯಿಯಿಂದ ಆಷಾಢ ಮಾಸದಲ್ಲಿ ಪುಣೆಗೆ ರೈಲಿನಲ್ಲಿ ಹೋಗಿಬಂದ ನಮಗೆಲ್ಲ ಒಂದು ಸಂಗತಿ ಗೊತ್ತಿದೆ. ಖಂಡಾಲದ ಘಟ್ಟದಲ್ಲಿ ಜಡಿಯುವ ಮಳೆ, ಪುಣೆ ಸೇರುವಷ್ಟರಲ್ಲಿ ಬರಿಯ ತುಂತುರಾಗಿರುತ್ತದೆ. ಮುಂಬಯಿಗೆ ವರ್ಷಕ್ಕೆ ಸುಮಾರು 2,200 ಮಿಲಿಮೀಟರು ಮಳೆಯಾದರೆ ಪುಣೆಗೆ 700ರ ಆಸುಪಾಸು. ನಡುವೆ ನಿಂತಿರುವುದು ಸಹ್ಯಾದ್ರಿ. ಅದೇ ಗೋಡೆ ತೆಂಕಲಿಗೆ ಸಾಗಿ ನಮ್ಮ ತಾಯ್ನಾಡನ್ನೂ ಎರಡು ಮಾಡಿದೆ.

ಪಡುವಣ ಕಡಲಿನಿಂದ ಬರುವ ಮುಂಗಾರು ಗಾಳಿ ನೀರಾವಿಯನ್ನು ಹೊತ್ತು ತರುತ್ತದೆ. ಬೆಟ್ಟ ಅಡ್ಡ ಬಂದಾಗ ಅದು ಮೇಲೇರಲೇಬೇಕು. ಮೇಲೆ ವಾಯುಭಾರ ಕಡಮೆ. ಗಾಳಿ ಹಿಗ್ಗಿ ತಣಿಯುತ್ತದೆ, ಆವಿ ಹನಿಗೂಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು ಹೀಗೆ. ಬೆಟ್ಟ ದಾಟಿ ಕೆಳಗಿಳಿಯುವ ಗಾಳಿ ಮತ್ತೆ ಬಿಸಿಯಾಗಿ, ಮೋಡ ಕರಗುತ್ತದೆ. ಚಿತ್ರದುರ್ಗ, ವಿಜಯಪುರಗಳ ಪಾಲಿಗೆ ಬರುವುದು ಸುಮಾರು 600 ಮಿಲಿಮೀಟರು. ಅದರಲ್ಲಿಯೂ ಒಂದು ಪಾಲು ಹಿಂಗಾರಿನದು. ಕಪ್ಪುಮಣ್ಣಿನ ಬಿಳಿಜೋಳ ಆ ಹಿಂಗಾರನ್ನೇ ನಂಬಿದ ಬೆಳೆ. ನಮ್ಮ ಸಂಘದಲ್ಲಿಯೂ ಕುಚಲಕ್ಕಿ ಗಂಜಿಯವರಿದ್ದಾರೆ, ಜೋಳದ ರೊಟ್ಟಿಯವರಿದ್ದಾರೆ. ಊಟದ ಈ ಭೇದವನ್ನು ಮಾಡಿದುದು ಬೆಟ್ಟವೇ ಸರಿ!

ಮಳೆ ಸಾಲದೆಡೆ ನೀರನ್ನು ಕೂಡಿಡಬೇಕೆಂಬುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದುದನ್ನು ಐದನೆಯ ಶತಮಾನದ ತಾಳಗುಂದ ಶಾಸನ ಹೇಳುತ್ತದೆ. ತಾಳಗುಂದವಾದರೋ ಅರೆಮಲೆನಾಡು. ಅಲ್ಲಿಯೇ ಕೆರೆ ಬೇಕಾದ ಮೇಲೆ ಮೂಡಣ ಬಯಲುಸೀಮೆಯ ಮಾತೇನು? ಅಲ್ಲಿ ಊರಿಗೊಂದು ಕೆರೆ ಇರಲೇಬೇಕು.

ಆದರೆ ಮಳೆಯೇ ಕೈಕೊಟ್ಟರೆ ಕೆರೆ ಏನು ಮಾಡೀತು? 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವು ಧಾತು, ಈಶ್ವರ ಸಂವತ್ಸರಗಳ ಬರವನ್ನು ಕಂಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿದ್ದರು. ಮಲೆನಾಡು ಬಹುಮಟ್ಟಿಗೆ ಉಳಿದುಕೊಂಡಿತು. ಪೆಟ್ಟು ಬಿದ್ದುದು ಮಳೆಯ ನೆರಳಿನ ಸೀಮೆಗೆ. ಹಾಗೆಂದು ಎಲ್ಲವನ್ನೂ ಬೆಟ್ಟದ ಮೇಲೆ ಹೊರಿಸುವುದನ್ನು ನಾವು ಒಪ್ಪಲಾರೆವು. ಮಳೆ ತಪ್ಪಿದುದು ದೈವದಿಂದಾದರೂ ಹಸಿದವರಿಗೆ ಕಾಳು ಮುಟ್ಟಿಸಬೇಕಾಗಿದ್ದುದು ಆಡಳಿತ. ಸಂಸ್ಥಾನ ಆಗ ಆಂಗ್ಲರ ಕೈಯಲ್ಲಿತ್ತು, ಒಡೆಯರಿಗೆ ಮರಳಿದುದು 1881ರಲ್ಲಿ.

ಮುಂದೆ ಒಡೆಯರ ಸರ್ಕಾರವು ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿತು. ಕೆಲಸ ಮುಗಿದುದು 1907ರಲ್ಲಿ. ವೇದಾವತಿ ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದುಬರುವ ಹೊಳೆ. ಗಾಳಿ ಬೆಟ್ಟದಲ್ಲಿ ಇಳಿಸಿಹೋದ ನೀರನ್ನು ಬಯಲಿನಲ್ಲಿ ಹಿಡಿದಿಡುವ ಉಪಾಯವಿದು. ಆದರೂ ಆ ನೆರಳು ಎಷ್ಟು ದಟ್ಟವೆಂಬುದನ್ನು ಈ ವಾಣಿವಿಲಾಸ ಸಾಗರವೇ ತೋರಿಸುತ್ತದೆ. 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ಮೇಲೆ.