ಡಬ್ಬಿ ಯಾರ್ದು? ಕರಿ ಫೋನಿನಿಂದ ರೌಟರ್ ತನಕ

ನಮ್ಮ ಅತ್ತಿಯವರು ಖಂಡೇನವಮಿ ದಿನ ಈಳಿಗಿ, ಒನಕಿ, ಹೊಲಿಗಿ ಮಿಶನ್ ಎಲ್ಲಾಕೂ ಕುಂಕುಮ ಹಚ್ಚಿ ಪೂಜಾ ಮಾಡ್ತಿದ್ರು. ಅವುಗಳ ಜೋಡಿ ಪಡಸಾಲ್ಯಾಗಿನ ಕರಿ ಫೋನಿಗೂ ಒಂದು ಬೊಟ್ಟು, ಒಂದು ಚೆಂಡು ಹೂವು. ಆ ಫೋನಿಗಿ ಅವರೇ ಕೈಲೆ ಹೆಣದ ಕ್ರೋಶಾದ ಮುಸುಕು ಬ್ಯಾರೆ ಇತ್ತು. ಮಾವನೋರು ನಗ್ತಿದ್ರು. "ಅದು ಸರ್ಕಾರದ ಡಬ್ಬಿ. ನಾಳೆ ಫೋನ್ ಬ್ಯಾಡ ಅಂದ್ರ ತಗೊಂಡು ಹೋಗ್ತಾರ. ಅದಕ್ಯಾಕ ಪೂಜಾ?" ಅಂತಿದ್ರು. ಅತ್ತಿಯವರು ಬಿಡ್ತಿದ್ದಿಲ್ಲ. "ನಮ್ಮ ಮನ್ಯಾಗ ಅದ, ದಿನಾ ನಾನೇ ಒರಸ್ತೀನಿ, ನಮ್ದಲ್ದೆ ಮತ್ಯಾರ್ದು?" ಅಂತಿದ್ರು.

ಈಗ ಅವರಿಬ್ಬರೂ ಇಲ್ಲ. ಖರೇ ಆ ಮಾತು ಹೋದ ಶ್ರಾವಣದಾಗ ನನಗ ಮತ್ತ ನೆನಪಾಯ್ತು, ಮನಿ ಇಂಟರ್ನೆಟ್ ಬದಲಾಯಿಸುವಾಗ. ಅವತ್ತಿನಿಂದ ಮನ್ನಳ್ಳಿ ತಂಗಿ, ಭಾಲ್ಕಿ ವೈನಿ, ಬಾಜು ಮನಿ ಅಕ್ಕೋರು ಎಲ್ಲಾರೂ ಕೇಳ್ಲತ್ತಾರ, ಹಳೆ ರೌಟರೇ ಹ್ಯಾಂಗ ನಡೀತು ಅಂತ. ಒಬ್ಬೊಬ್ಬರಿಗಿ ಫೋನಿನಾಗ ಹೇಳೂಕಿಂತ ಒಂದೇ ಸಲ ಬರದು ಬಿಡ್ತೀನಿ. ಆದ್ರ ಮೊದಲು ಹಳೆ ಕತಿ ಹೇಳ್ತೀನಿ. ಅದು ತಿಳದ್ರ ಲೈನ್ ಹಚ್ಚಲಿಕ್ಕ ಬಂದವರ ಮುಂದ ಏನು ಕೇಳ್ಬೇಕು ಅನ್ನೂದು ತಾನೇ ಹೊಳೀತದ.

ಮನಿಗಿ ಹೊರಗಿನಿಂದ ಬರೂದು ಏನೇ ಇರಲಿ, ಅದಕ್ಕೊಂದು ಗಡಿ ಇರ್ತದ. ನಮ್ಮ ಬೀದರದ ನೌಬಾದ್ ಸುರಂಗ ಬಾವಿ ನೋಡ್ರಿ. ಬಹಮನಿ ಕಾಲದಾಗ ನೆಲದ ಒಳಗ ನೀರಿನ ದಾರಿ ಕೊರದಾರ. ದಾರಿ ರಾಜ್ಯದ್ದು, ನೀರು ಸೇದುವ ಕೊಡ ನಮ್ದು. ಕರೆಂಟಿಂದೂ ಹಂಗೇ. ಕಂಬ, ವೈರು ಜೆಸ್ಕಾಂದು. ಮೀಟರ್ ದಾಟಿ ಈಚಿಗಿ ಬಂದ್ರ ಬಲ್ಬು, ಫ್ಯಾನು, ಮಿಕ್ಸರ್ ಎಲ್ಲಾ ನಮ್ದು. ಯಾವ ಕಂಪನಿ ಮಿಕ್ಸರ್ ಅಂತ ಜೆಸ್ಕಾಂನವರು ಯಾವತ್ತೂ ಕೇಳಿಲ್ಲ. ಫೋನಿನಾಗ ಮಾತ್ರ ಈ ಗಡಿ ಭಾಳ ವರ್ಷ ಮನಿ ಒಳಗ, ನಮ್ಮ ಕಿವಿ ತನಕ ಬಂದು ಕೂತಿತ್ತು.

ಅದಕ್ಕ ಬುನಾದಿ ಇಂಗ್ಲಿಷರ ಕಾಲದ ಕಾಯ್ದೆ. 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ತಂತಿ ವ್ಯವಹಾರದ ಹಕ್ಕು ಪೂರಾ ಸರ್ಕಾರದ್ದು. ಸ್ವಾತಂತ್ರ್ಯ ಬಂದ ಮ್ಯಾಲೂ ಅದೇ ಕಾಯ್ದೆ ನಡೀತು. ಅದರ ಜಾಗಾಕ್ಕ ಹೊಸ ದೂರಸಂಪರ್ಕ ಕಾಯ್ದೆ ಬಂದಿದ್ದು 2023ರಾಗ. 1948ರಾಗ ಬೆಂಗಳೂರಿನಾಗ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದ್ರ ಐಟಿಐ ಕಾರಖಾನಿ ಶುರು ಆಯ್ತು. ಆ ಕಾರಖಾನಿ ಇರುವ ಜಾಗಾಕ್ಕ ದೂರವಾಣಿನಗರ ಅಂತೇ ಹೆಸರು. ಬೆರಳು ಹಾಕಿ ತಿರುಗಿಸುವ ಆ ವಜ್ಜಿ ಫೋನು ಅಲ್ಲೇ ತಯಾರಾಗಿ ದೇಶಕ್ಕೆಲ್ಲಾ ಹೋಗ್ತಿದ್ವು. ಫೋನ್ ಮಾಡೂದು ಸರ್ಕಾರ, ಹಚ್ಚೂದು ಸರ್ಕಾರ, ರಿಪೇರಿನೂ ಸರ್ಕಾರ. ನಾವು ಕೊಡೂದು ಕಿರಾಯಿ ಅಷ್ಟೇ.

ಇದು ನಮ್ಮ ದೇಶದ ಕತಿ ಅಷ್ಟೇ ಅಂತ ತಿಳ್ಕೊಬ್ಯಾಡ್ರಿ. ಅಮೆರಿಕಾದಾಗೂ ಹಿಂಗೇ ಇತ್ತು. ಅಲ್ಲಿ ಎಟಿ ಅಂಡ್ ಟಿ ಅನ್ನೂ ದೊಡ್ಡ ಕಂಪನಿ ತನ್ನ ಫೋನಿಗಿ ಹೊರಗಿನ ಸಾಮಾನು ಏನೂ ಹಚ್ಚಬಾರದು ಅಂತ ನಿಯಮ ಇಟ್ಟಿತ್ತು. ಒಬ್ಬರು ಹಶ್-ಎ-ಫೋನ್ ಅಂತ ಒಂದು ಸಣ್ಣ ವಸ್ತು ಮಾರ್ತಿದ್ರು. ಬಾಯಿಗಿ ಕೈ ಅಡ್ಡ ಇಟ್ಕೊಂಡು ಮಾತಾಡ್ತೀವಲ್ಲ, ಬಾಜೂದವರಿಗಿ ಕೇಳಬಾರದು ಅಂತ, ಅದೇ ಕೆಲಸ ಮಾಡುವ ಒಂದು ಬಟ್ಟಲದಂಥಾದ್ದು. ವೈರು ಇಲ್ಲ, ಕರೆಂಟ್ ಇಲ್ಲ. ಅದಕ್ಕೂ ಕಂಪನಿ ತಕರಾರು ತೆಗೀತು. ಕೋರ್ಟಿನಾಗ ಕಂಪನಿ ಸೋತಿದ್ದು 1956ರ ನವೆಂಬರದಾಗ. ಅದೇ ನವೆಂಬರ್ 1ಕ್ಕ ನಮ್ಮ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿತ್ತು. ನಮ್ಮ ಗಡಿ ಬದಲಾದ ತಿಂಗಳೇ ಅಲ್ಲಿ ಫೋನಿನ ಗಡಿನೂ ಒಂದು ಬೆರಳು ಸರೀತು.

ಪೂರಾ ಸರದಿದ್ದು 1968ರಾಗ. ಟೆಕ್ಸಾಸದ ಥಾಮಸ್ ಕಾರ್ಟರ್ ಅನ್ನುವರು ಕಾರ್ಟರ್‌ಫೋನ್ ಅಂತ ಒಂದು ಸಾಧನ ಮಾಡಿದ್ರು. ದೂರದಾಗ ಕೆಲಸ ಮಾಡುವ ಮಂದಿ ರೇಡಿಯೋದಾಗ ಮಾತಾಡಿದ್ದು ಫೋನ್ ಲೈನಿಗಿ ಕೂಡಿಸುವ ಸಾಧನ ಅದು. ಕಂಪನಿ ಬ್ಯಾಡ ಅಂತು. ಅಲ್ಲಿನ ಸರ್ಕಾರಿ ಆಯೋಗ ಕಾರ್ಟರ್ ಪರವಾಗಿ ಹೇಳ್ತು: ಜಾಲಕ್ಕ ಧಕ್ಕಿ ಆಗದಿದ್ರ ಜನ ತಮ್ಮ ಸಾಧನ ಹಚ್ಕೊಬಹುದು. ಅದರ ಬೆನ್ನಿಗೇ 1970ರ ದಶಕದಾಗ ಎಲ್ಲಾ ಕಂಪನಿ ಫೋನಿಗೂ ಕೂಡುವಂಥ ಒಂದೇ ನಮೂನಿ ಪಿನ್ನಿನ ನಿಯಮ ಅಲ್ಲಿ ಬಂತು. ನಮ್ಮ ಮನ್ಯಾಗೂ ಆಮ್ಯಾಲ ಫೋನಿನ ಹಿಂದ ಟಕ್ ಅಂತ ಕೂಡ್ತಿತ್ತಲ್ಲ ಸಣ್ಣ ಪ್ಲಾಸ್ಟಿಕ್ ಪಿನ್, ಅದೇ ಅದು.

ನಮ್ಮಲ್ಲಿ ಬದಲಾವಣಿ ಶುರು ಆಗಿದ್ದು 1984ರಾಗ. ಮನಿಯಾಗ ಇಡುವ ಫೋನ್ ತಯಾರು ಮಾಡ್ಲಿಕ್ಕ ಖಾಸಗಿಯವರಿಗಿ ಸರ್ಕಾರ ಒಪ್ಪಿಗಿ ಕೊಟ್ತು. ಅದೇ ವರ್ಷ ಸಿ-ಡಾಟ್ ಸಂಸ್ಥೆ ಹುಟ್ತು. ಸ್ಯಾಮ್ ಪಿತ್ರೋಡಾ ಅವರ ಹೆಸರು ನೀವೂ ಕೇಳೀರಿ. ನಮ್ಮ ದೇಶದ ಧೂಳು, ಬಿಸಿಲು ತಡ್ಕೊಂಡು ಏಸಿ ಇಲ್ದೇ ನಡೆಯುವ ಸಣ್ಣ ಎಕ್ಸ್‌ಚೇಂಜ್ ಅವರು ಮಾಡಿದ್ರು. 128 ಲೈನಿನ ಅಂಥ ಮೊದಲನೇ ಹಳ್ಳಿ ಎಕ್ಸ್‌ಚೇಂಜ್ 1986ರಾಗ ಹಚ್ಚಿದ್ದು ನಮ್ಮ ಕರ್ನಾಟಕದ ಕಿತ್ತೂರಿನಾಗ! ಚೆನ್ನಮ್ಮನ ಊರಿನಾಗ ಅಂತ ಕೇಳಿದ್ರ ನನಗ ಈಗಲೂ ಖುಷಿ ಆಗ್ತದ. ಆಮ್ಯಾಲ ಹಳದಿ ಬೋರ್ಡಿನ ಎಸ್‌ಟಿಡಿ ದುಕಾನ ಎಲ್ಲಾ ಊರಾಗೂ ಬಂದ್ವು. ಟ್ರಂಕ್ ಕಾಲ್ ಬುಕ್ ಮಾಡಿ ದಿನಾನಗಟ್ಲೆ ಕಾಯೂದು ತಪ್ತು.

ಅದೇ ಹೊತ್ತಿಗಿ ಪ್ಯಾಟ್ಯಾಗ ಒತ್ತುವ ಬಟನ್ನಿನ ಫೋನು ಸಿಗ್ಲತ್ವು. ನಮ್ಮ ಮಾವನೋರು ಒಂದು ಕೆಂಪಂದು ತಂದಿದ್ರು. ಗೋಡಿ ಮ್ಯಾಗಿನ ಸಣ್ಣ ಬಿಳಿ ಡಬ್ಬಿ ತನಕ ಇಲಾಖೆಯದು, ಅಲ್ಲಿಂದ ಈಚಿಗಿ ನಮ್ದು. ಅತ್ತಿಯವರು ಅವತ್ತು ಹೇಳಿದ ಮಾತು ಇಷ್ಟೇ: "ಈಗರೆ ನಮ್ದಾಯ್ತಲ್ಲ." ಕ್ರೋಶಾದ ಮುಸುಕು ಕೆಂಪು ಫೋನಿಗಿ ಬಂತು.

ಮುಂದ ಇಂಟರ್ನೆಟ್. 1995ರ ಆಗಸ್ಟ್ 15ಕ್ಕ ದೇಶದಾಗ ಸಾರ್ವಜನಿಕರಿಗಿ ಅದು ಶುರು ಆಯ್ತು. ನಮ್ಮಂಥವರ ಮನಿಗಿ ಬಂದಿದ್ದು ಎಷ್ಟೋ ತಡಾಗಿ. 2004ರ ಬ್ರಾಡ್‌ಬ್ಯಾಂಡ್ ನೀತಿಯಾಗ ಸೆಕೆಂಡಿಗಿ 256 ಕಿಲೋಬಿಟ್ ಇದ್ರ ಬ್ರಾಡ್‌ಬ್ಯಾಂಡ್ ಅಂದ್ರು. ಈಗ ಮನಿಮನಿಗೂ ಇರುವ 50 ಎಂಬಿ ಲೈನು ಅದರ ಸುಮಾರು 200 ಪಟ್ಟು! 2005ರಾಗ ಬಿಎಸ್‌ಎನ್‌ಎಲ್‌ದವರು ಫೋನಿನ ತಾಮ್ರದ ವೈರಿನಾಗೇ ಬ್ರಾಡ್‌ಬ್ಯಾಂಡ್ ಕೊಡ್ಲತ್ರು. ಮೋಡೆಮ್ ಕಿರಾಯಿಗೂ ಸಿಗ್ತಿತ್ತು, ಪ್ಯಾಟ್ಯಾಗ ಕೊಂಡೂ ಹಚ್ಚಬಹುದಿತ್ತು. ಅದೇ ವರ್ಷ ಜನವರಿದಾಗ ಸರ್ಕಾರ ವೈಫೈ ನಡೆಯುವ 2.4 ಗಿಗಾಹರ್ಟ್ಸ್ ಅಲೆಗಿ ಲೈಸೆನ್ಸ್ ಬ್ಯಾಡ ಅಂತ ಮಾಡ್ತು. ನಾವು ಇವತ್ತು ದುಕಾನಕ್ಕ ಹೋಗಿ ರೌಟರ್ ಕೊಂಡು ಯಾರಿಗೂ ಅರ್ಜಿ ಕೊಡದೇ ಮನ್ಯಾಗ ಹಚ್ತೀವಲ್ಲ, ಅದಕ್ಕ ಅದೇ ಕಾರಣ.

ಮೊಬೈಲಿನಾಗಂತೂ ಈ ಗಡಿ ನಮಗೆಲ್ಲಾ ಗೊತ್ತೇ ಅದ. ಸಿಮ್ ಅವರ್ದು, ಫೋನ್ ನಮ್ದು. 2011ರ ಜನವರಿ 20ರಿಂದ ದೇಶಕ್ಕೆಲ್ಲಾ ನಂಬರ್ ಸುದ್ದ ಕಂಪನಿಯಿಂದ ಕಂಪನಿಗಿ ಒಯ್ಯುವ ಹಕ್ಕು ಬಂತು. ಟಿವಿದಾಗ ಮಾತ್ರ ಉಲ್ಟಾ. ಛತ್ತಿ ಕಂಪನಿ ಬದಲಾಯಿಸಿದ್ರ ಹಳೆ ಡಬ್ಬಿ ಅಟ್ಟ ಸೇರ್ತದ. ಒಂದೇ ಡಬ್ಬಿ ಎಲ್ಲಾ ಕಂಪನಿಗೂ ನಡೀಬೇಕು ಅಂತ 2020ರಾಗ ಟ್ರಾಯ್‌ದವರು ಸರ್ಕಾರಕ್ಕ ಶಿಫಾರಸು ಮಾಡಿದ್ರು. ಜರ್ಮನಿದಾಗ ಇಂಟರ್ನೆಟ್ ಡಬ್ಬಿ ವಿಷಯಕ್ಕ ಕಾಯ್ದೆನೇ ಅದ. 2016ರ ಆಗಸ್ಟ್ 1ರಿಂದ ಅಲ್ಲಿ ಕಂಪನಿ ತನ್ನದೇ ರೌಟರ್ ಹಚ್ಚಬೇಕು ಅಂತ ಒತ್ತಾಯ ಮಾಡುವಂಗಿಲ್ಲ.

ಈಗ ನಮ್ಮ ಮನಿಗಿ ಬರೋಣ. ನಮ್ಮ ಹಳೆ ಲೈನು ತಿಂಗಳಿಗಿ 699, ನೂರಕ್ಕ 18 ಜಿಎಸ್‌ಟಿ ಸೇರಿ 825 ರೂಪಾಯಿ ಆಗ್ತಿತ್ತು. ಹೊಸಬರು 399ಕ್ಕ ಕೊಡ್ತೀವಿ ಅಂದ್ರು, ಟ್ಯಾಕ್ಸ್ ಸೇರಿ 471. ತಿಂಗಳಿಗಿ 354 ಉಳಿಕಿ, ವರ್ಷಕ್ಕ 4,248. ಒಬ್ಬರ ಪಗಾರದ ಮ್ಯಾಲ ನಡೆಯುವ ಮನಿಗಿ ಅದು ಸಣ್ಣದಲ್ಲ. ಖರೇ ಲೈನ್ ಹಚ್ಚಲಿಕ್ಕ ಬಂದ ಹುಡುಗ, "ಅಕ್ಕೋರೆ, ನಮ್ಮ ರೌಟರೇ ಬೇಕ್ರಿ, ನಿಮ್ದು ನಡ್ಯಂಗಿಲ್ಲ. 1,500 ಡಿಪಾಜಿಟ್, ತಿಂಗಳಿಗಿ 100 ಕಿರಾಯಿ" ಅಂದ. ಮೊದಲನೇ ವರ್ಷನೇ 2,700 ಹೋಯ್ತು. ನನ್ನ ಬಲ್ಲಿ 2020ರಾಗ, ಲಾಕ್‌ಡೌನ್ ಹೊತ್ತಿನಾಗ ಮಕ್ಕಳ ಆನ್‌ಲೈನ್ ಕ್ಲಾಸಿಗಿ ಅಂತ ಚೀಟಿ ರೊಕ್ಕ ಕೊಟ್ಟು ಕೊಂಡ ಚಲೋ ರೌಟರ್ ಇತ್ತು.

ನಾ ಅವನಿಗಿ ಚಹಾ ಕೊಟ್ಟು ಕೇಳ್ದೆ. "ತಮ್ಮಾ, ಫೈಬರ್ ಕೂಡುವ ಡಬ್ಬಿ ನಿಮ್ದೇ ಇರಲಿ, ನಾ ಬ್ಯಾಡ ಅನ್ನಂಗಿಲ್ಲ. ಅದರ ಹಿಂದ ನಮ್ಮ ರೌಟರ್ ಹಚ್ಚಿದ್ರ ಏನಾಗ್ತದ?" ಅವ ಸ್ವಲ್ಪ ಹೊತ್ತು ಸುಮ್ಮನಿದ್ದು ಆಫೀಸಿಗಿ ಫೋನ್ ಹಚ್ಚಿದ. ಆಮ್ಯಾಲ ಒಂದು ಚೀಟ್ಯಾಗ ಯೂಸರ್ ನೇಮು, ಪಾಸ್‌ವರ್ಡು ಬರದು ಕೊಟ್ಟ. ಹುಡುಗಂದು ತಪ್ಪಿಲ್ಲ, ಅವನಿಗಿ ಹೇಳಿ ಕಳಿಸಿದಂಗ ಹೇಳ್ತಾನ.

ಇದರ ಗುಟ್ಟು ಇಷ್ಟೇ. ಫೈಬರಿನಾಗ ಎರಡು ಕೆಲಸ ಅವ. ಒಂದು, ಗಾಜಿನ ಎಳ್ಯಾಗ ಬಂದ ಬೆಳಕನ್ನ ಕರೆಂಟಿನ ಸಂಕೇತ ಮಾಡೂದು. ಆ ಡಬ್ಬಿಗಿ ಒಎನ್‌ಟಿ ಅಂತಾರ. ಅದರ ನಂಬರ್ ಕಂಪನಿ ಯಂತ್ರದಾಗ ನಮೂದಾಗಿರ್ತದ. ಹಂಗಾಗಿ ಅದು ಅವರ್ದೇ ಬೇಕು. ಎರಡು, ಬಂದ ಇಂಟರ್ನೆಟ್ ಮನಿ ತುಂಬ ವೈಫೈ ಮಾಡಿ ಹಂಚೂದು. ಅದು ರೌಟರ್ ಕೆಲಸ, ಅದಕ್ಕ ನಮ್ದು ನಡೀತದ. ಎಷ್ಟೋ ಕಂಪನಿ ಎರಡೂ ಕೆಲಸ ಒಂದೇ ಡಬ್ಬಿದಾಗ ಕೊಡ್ತಾವ. ಆಗಲೂ ಆ ಡಬ್ಬಿಯ ಲ್ಯಾನ್ ತೂತಿನಿಂದ ನಮ್ಮ ರೌಟರಿನ ವಾನ್ ತೂತಿಗಿ ಒಂದು ವೈರ್ ಎಳದ್ರ ಆಯ್ತು.

ಅವ ಹೋದ ಮ್ಯಾಲ ಏನಾಯ್ತು ಅಂದ್ರ, ರೌಟರಿನಾಗ ಕೆಂಪು ದೀಪ. ನಾ ಗಾಬರಿ ಆಗಿ ಪಿನ್ನು ಹಾಕಿ ರೀಸೆಟ್ ಒತ್ತಿಬಿಟ್ಟೆ. ವೈಫೈ ಹೆಸರೂ ಹೋಯ್ತು. ಮನ್ಯಾಗ ಎಲ್ಲಾರ ಮಾರಿ ಒಂದ್ ಥರಾ ಆಗಿತ್ತು. "1,500 ಕೊಟ್ಟಿದ್ರ ಆಗ್ತಿತ್ತು" ಅಂತ ಒಂದು ಮಾತೂ ಬಂತು. ರಾತ್ರಿ ಅಣ್ಣನ ಮಗಳು ಫೋನಿನಾಗೇ ಹೇಳಿ ಮಾಡಿಸಿದಳು. ರೌಟರಿನ ಹೊಟ್ಟಿ ಕೆಳಗ ಅಂಟಿಸಿದ ಚೀಟ್ಯಾಗಿನ ಅಂಕಿ ಮೊಬೈಲಿನಾಗ ಬರದ್ರ ಒಂದು ಪುಟ ತೆರೀತದ. ಅದರಾಗ ಹೊಸ ಕಂಪನಿ ಕೊಟ್ಟ ಯೂಸರ್ ನೇಮು, ಪಾಸ್‌ವರ್ಡು ಹಾಕ್ಬೇಕು. ಮೊದಲು ಕೆಂಪು ದೀಪ ಬಂದಿದ್ದು ಅದರಾಗ ಹಳೆ ಕಂಪನಿ ಹೆಸರೇ ಉಳದಿತ್ತು ಅಂತ, ಅಷ್ಟೇ. ವೈಫೈಗಿ ಹಳೆ ಹೆಸರು, ಹಳೆ ಪಾಸ್‌ವರ್ಡೇ ಇಡು ಅಂದಳು. ಇಟ್ಟೆ. ಮನ್ಯಾಗಿನ ಫೋನು, ಟಿವಿ ಎಲ್ಲಾ ತಾವೇ ಕೂಡಿದ್ವು.

ನೀವು ಬದಲಾಯಿಸುವಾಗ ರೊಕ್ಕ ಕೊಡೂಕಿಂತ ಮೊದಲು ಇವು ಕೇಳ್ರಿ. ನಮ್ಮ ರೌಟರ್ ಹಚ್ಚಬಹುದಾ? ಲಾಗಿನ್‌ಗಿ ಯೂಸರ್ ನೇಮ್ ಬೇಕಾ, ತಾನೇ ಕೂಡ್ತದಾ? ನಿಮ್ಮ ಯಂತ್ರದಾಗ ರೌಟರಿನ ನಂಬರ್ ಲಾಕ್ ಇದ್ರ ತೆಗೀತೀರಾ? ಡಿಪಾಜಿಟ್ ವಾಪಸ್ ಬರ್ತದಾ, ಬರಹದಾಗ ಕೊಡ್ತೀರಾ? ಹಳೆ ಕಂಪನಿ ಡಬ್ಬಿ ವಾಪಸ್ ಕೊಡುವಾಗ ಪಾವತಿ ತಗೊಳ್ರಿ, ಡಬ್ಬಿ ಹಿಂದಿನ ನಂಬರಿನ ಫೋಟೋ ಹಿಡದಿಟ್ಕೊಳ್ರಿ. ಬಾಜು ಮನಿ ಅಕ್ಕೋರು ಪಾವತಿ ಇಲ್ದೇ ಡಬ್ಬಿ ಕೊಟ್ಟು 2,000 ಡಿಪಾಜಿಟ್ ಕಳ್ಕೊಂಡಾರ. ಇನ್ನ ತನಕ ಬಂದಿಲ್ಲ.

ಎಲ್ಲಾ ಹಳೆ ಡಬ್ಬಿನೂ ನಡೀತಾವ ಅಂತ ನಾ ಹೇಳಂಗಿಲ್ಲ. ಫೋನಿನ ಪಿನ್ ಮಾತ್ರ ಕೂಡುವ ತಾಮ್ರದ ಕಾಲದ ಮೋಡೆಮ್ ಫೈಬರಿಗಿ ಬರಂಗಿಲ್ಲ. 5 ಗಿಗಾಹರ್ಟ್ಸ್ ಇಲ್ಲದ ರೌಟರ್ 50 ಎಂಬಿ ಲೈನಿಗಿ ನಡೀತದ, 300 ಎಂಬಿಗಿ ಸಾಲಂಗಿಲ್ಲ. ಫೈಬರಿನಾಗೇ ಲ್ಯಾಂಡ್‌ಲೈನ್ ಫೋನ್ ಇದ್ರ ಅದು ಕಂಪನಿ ಡಬ್ಬಿಗೇ ಹಚ್ಚಬೇಕಾಗ್ತದ. ಕಿರಾಯಿ, ಡಿಪಾಜಿಟ್ ಎರಡೂ ಇಲ್ದೇ ಕಂಪನಿ ಚಲೋ ರೌಟರ್ ಕೊಡ್ಲತ್ರ ಸುಮ್ಮನ ತಗೊಳ್ರಿ, ಹಟ ಬ್ಯಾಡ. ನಿಮ್ಮ ರೌಟರ್ ಕೆಟ್ರ ಕಂಪನಿಯವರು ರಿಪೇರಿಗಿ ಬರಂಗಿಲ್ಲ ಅನ್ನೂದೂ ನೆನಪಿರಲಿ.

ಹೋದ ಖಂಡೇನವಮಿಗಿ ನಾನೂ ರೌಟರ್ ಒರಸಿ ಒಂದು ಬೊಟ್ಟು ಕುಂಕುಮ ಹಚ್ಚಿದೆ. ಬಾಜೂಕಿದ್ದ ಕಂಪನಿ ಡಬ್ಬಿಗೂ ಹಚ್ಚಿದೆ, ಮನ್ಯಾಗ ಇದ್ದದ್ದಕ್ಕ ಬ್ಯಾಡ ಅನ್ನಬಾರದು. ಖರೇ ಯಾವುದು ನಮ್ದು, ಯಾವುದು ಅವರ್ದು ಅಂತ ಈಗ ನನಗ ಗೊತ್ತದ. ಮನ್ನಳ್ಳಿ ತಂಗಿ, ನಿಮ್ಮಲ್ಲಿ ಲೈನಿನವರು ಬರುವ ದಿನ ಹೇಳು. ನಾ ಬಸ್ಸಿಗಿ ಬರ್ತೀನಿ.