ಹೋಲಿಕೆಯಿಂದ ಹುಟ್ಟಿದ ಪದ

1965ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನಲ್ಲಿ ಪಾಲಿನ್ ಲೀಟ್ ಎಂಬಾಕೆ ಒಂದು ಭಾಷಣ ಮಾಡಿದರು. ಆಗ ಅದು ಗಂಡುಹುಡುಗರ ಕಾಲೇಜು. ಹುಡುಗಿಯರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1969ರಲ್ಲಿ. ಒಳ್ಳೆಯ ಕವಿತೆ ಬರೆದ ಹೆಂಗಸರು ಕಡಿಮೆ, ಆದ್ದರಿಂದ ಅವರನ್ನು ಪೂರ್ತಿ ಹೊರಗಿಟ್ಟರೂ ತಪ್ಪಿಲ್ಲ ಎನ್ನುವ ವಾದವನ್ನು ಆಕೆ ಎತ್ತಿಕೊಂಡರು. ಕಪ್ಪುಜನರ ಬಗ್ಗೆ ಇದೇ ಧಾಟಿಯಲ್ಲಿ ಮಾತಾಡುವವನನ್ನು ರೇಸಿಸ್ಟ್ ಎನ್ನುತ್ತೇವಲ್ಲ, ಹಾಗಿದ್ದರೆ ನಿಮ್ಮನ್ನು ಸೆಕ್ಸಿಸ್ಟ್ ಎನ್ನಬಹುದು ಎಂದರು. ಈವರೆಗೆ ಸಿಕ್ಕಿರುವ ದಾಖಲೆಗಳಲ್ಲಿ ಈ ಅರ್ಥದಲ್ಲಿ ಆ ಪದದ ಮೊದಲ ಬಳಕೆ ಇದೇ ಎಂದು ಪದಚರಿತ್ರೆ ಬಲ್ಲವರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೂರು ವರ್ಷದ ಮೇಲೆ, 1968ರಲ್ಲಿ, ಲೇಖಕಿ ಕ್ಯಾರೊಲಿನ್ ಬರ್ಡ್ ಅವರ ಬರಹದಲ್ಲಿ 'ಸೆಕ್ಸಿಸಂ' ಅಚ್ಚಾಯಿತು.

ಹುಟ್ಟುವಾಗಲೇ ಇನ್ನೊಂದು ಪದದ ಕೈ ಹಿಡಿದು ಬಂದ ಪದ ಇದು. ದೊಡ್ಡ ರಾಜಕೀಯ ಹುದ್ದೆಗೆ ಬಣ್ಣ ದೊಡ್ಡ ಅಡ್ಡಿಯೋ, ಹೆಣ್ಣಾಗಿರುವುದು ದೊಡ್ಡ ಅಡ್ಡಿಯೋ ಎಂಬ ಜಗಳ ಅಮೆರಿಕದ ಚುನಾವಣೆಗಳಲ್ಲಿ ಮರಳಿ ಮರಳಿ ಬರುತ್ತದೆ. ಆ ಜಗಳದ ಬೇರು ಈ ಜೋಡಿಪದಗಳ ಚರಿತ್ರೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

'ರೇಸಿಸಂ' ಕೂಡ ಬಹಳ ಹಳೆಯದಲ್ಲ. ಅದರ ಮೊದಲ ಬಳಕೆಗಳಲ್ಲೊಂದು 1902ರ ಸಭೆಯೊಂದರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಆಡಿದ ಮಾತು. ಜನಾಂಗಗಳನ್ನು ಬೇರೆ ಬೇರೆ ಇಡುವುದು ತಪ್ಪು, ಬೆರೆಯುವುದರಿಂದಲೇ ರೇಸಿಸಂ ಅಳಿಯಬೇಕು ಎಂದ ಪ್ರ್ಯಾಟ್, ಅದೇ ಉಸಿರಿನಲ್ಲಿ ವರ್ಗಭೇದವನ್ನು ಸೂಚಿಸುವ ಕ್ಲಾಸಿಸಂ ಎಂಬ ಪದವನ್ನೂ ಹೇಳಿದ್ದ. ಅಂದರೆ ಈ ಪದವೂ ಒಂಟಿಯಾಗಿ ಬರಲಿಲ್ಲ. ಆದರೆ ಇದೇ ಪ್ರ್ಯಾಟ್ ನಡೆಸುತ್ತಿದ್ದ ಕಾರ್ಲೈಲ್ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಅವರ ನುಡಿಯನ್ನು ಆಡದಂತೆ ತಡೆಯುತ್ತಿದ್ದರು. ಕೇಡಿಗೆ ಹೆಸರಿಟ್ಟವನಿಗೆ ತನ್ನ ಕೈಯಲ್ಲಿದ್ದ ಕೇಡು ಕಾಣಲಿಲ್ಲ. ಮುಂದೆ ನಾಜಿಗಳ ಕಾಲದಲ್ಲಿ ಪದ ಗಟ್ಟಿಯಾಯಿತು. ಬರ್ಲಿನ್ನಿನಿಂದ ದೇಶಾಂತರ ಹೋಗಿ ಸತ್ತ ಮಾಗ್ನಸ್ ಹಿರ್ಷ್‌ಫೆಲ್ಡ್ ಅವರ ಪುಸ್ತಕ 1938ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಹೆಸರೇ 'ರೇಸಿಸಂ'.

ಕನ್ನಡದಲ್ಲಿ ನಾವು ಇವೆರಡನ್ನೂ ವರ್ಣಭೇದ, ಲಿಂಗತಾರತಮ್ಯ ಎಂದು ಕರೆದುಕೊಂಡೆವು. ತಾರತಮ್ಯ ಎಂಬ ಪದವನ್ನು ಒಡೆದರೆ ಸಿಗುವುದು ತರ ಮತ್ತು ತಮ. ಗುರುತರ, ಶ್ರೇಷ್ಠತಮ ಎನ್ನುವಾಗ ಬರುವ ಪ್ರತ್ಯಯಗಳೇ ಇವು. ಒಂದಕ್ಕಿಂತ ಇನ್ನೊಂದು ಹೆಚ್ಚು, ಎಲ್ಲಕ್ಕಿಂತ ಮತ್ತೊಂದು ಹೆಚ್ಚು ಎಂದು ಅಳೆಯುವ ಕೆಲಸಕ್ಕೇ ಆ ಹೆಸರು. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ತಾರತಮ್ಯವೆಂದರೆ ಜೀವರ, ದೇವತೆಗಳ ಮೇಲುಕೀಳಿನ ಕ್ರಮ. ಅಲ್ಲಿ ಅದು ಸಿದ್ಧಾಂತ, ದೂರಲ್ಲ. ಅದೇ ಪದ ಇಂದು ಅನ್ಯಾಯದ ಹೆಸರು. ಹಾಗಿರುವಾಗ ಎರಡು ತಾರತಮ್ಯಗಳಲ್ಲಿ ಯಾವುದು ದೊಡ್ಡದು ಎಂದು ಕೇಳುವವರು ತಾರತಮ್ಯಗಳ ನಡುವೆಯೇ ತರತಮ ಮಾಡುತ್ತಾರೆ. ಆ ಪ್ರಶ್ನೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅದನ್ನು ಯಾರು ಯಾರಿಗೆ ಕೇಳುತ್ತಾರೆ ಎಂಬುದನ್ನು ಮಾತ್ರ ನೋಡಬೇಕು.

1869ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಆ ಪ್ರಶ್ನೆಯನ್ನು ಬಹಿರಂಗವಾಗಿಯೇ ಕೇಳಲಾಯಿತು. ಗುಲಾಮಗಿರಿ ಮುಗಿದಿತ್ತು, ಮತದ ಹಕ್ಕು ಮೊದಲು ಕಪ್ಪು ಗಂಡಸಿಗೋ, ಹೆಂಗಸಿಗೋ ಎಂಬ ಚರ್ಚೆ. ನಮ್ಮ ಜನಕ್ಕೆ ಇದು ಜೀವದ ಪ್ರಶ್ನೆ ಎಂದರು ಕಪ್ಪುಜನರ ನಾಯಕ ಫ್ರೆಡರಿಕ್ ಡಗ್ಲಾಸ್. ಕಪ್ಪು ಹೆಂಗಸಿಗೂ ಅಷ್ಟೇ ಅಲ್ಲವೇ ಎಂದು ಸಭೆಯಿಂದ ಯಾರೋ ಕೇಳಿದಾಗ ಹೌದು, ಆದರೆ ಅದು ಅವಳು ಹೆಣ್ಣೆಂದಲ್ಲ, ಕಪ್ಪೆಂದು ಎಂದು ಉತ್ತರಿಸಿದರು. ಎದುರು ಕಡೆಯಲ್ಲಿದ್ದ, ಹೆಂಗಸರ ಮತದ ಹಕ್ಕಿನ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟಾಂಟನ್ ಕಪ್ಪು ಗಂಡಸರ ಬಗ್ಗೆ ಓದಲು ನಾಚಿಕೆಯಾಗುವಂಥ ಮಾತುಗಳನ್ನು ಆಡಿದ್ದರು. ಜೊತೆಯಾಗಿ ಹೋರಾಡಿದವರ ಸಂಘ ಒಡೆಯಿತು. ಎರಡೂ ಕಡೆಯ ವಾದದೊಳಗೆ ಕಪ್ಪು ಹೆಂಗಸು ಒಂದು ಉದಾಹರಣೆಯಾಗಿ ಬಂದು ಹೋದಳು.

ಅವಳ ಕಡೆಯಿಂದಲೇ ಒಂದು ಪದ ಬಂದದ್ದು 1940ರ ದಶಕದಲ್ಲಿ. ಕಪ್ಪುಜನರ ವಿದ್ಯಾಕೇಂದ್ರವಾದ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಬಂದ ಪಾಲಿ ಮರ್ರಿ ತರಗತಿಯಲ್ಲಿ ಒಬ್ಬಳೇ ಹೆಣ್ಣು. ಬಸ್ಸಿನಲ್ಲಿ ಕಪ್ಪುಜನರಿಗೆಂದು ಬೇರ್ಪಡಿಸಿದ್ದ ಸೀಟಿನ ವಿಷಯಕ್ಕೆ ವರ್ಜೀನಿಯಾದಲ್ಲಿ ಬಂಧನಕ್ಕೊಳಗಾಗಿದ್ದ ಆಕೆಗೆ ಇಲ್ಲಿ ತನ್ನವರ ನಡುವೆಯೇ ಹೆಂಗಸೆಂಬ ಲೇವಡಿ. ಮೊದಲ ಸ್ಥಾನ ಪಡೆದು 1944ರಲ್ಲಿ ಪದವಿ ಮುಗಿಸಿ ಹಾರ್ವರ್ಡಿಗೆ ಅರ್ಜಿ ಹಾಕಿದರೆ, ಹೆಣ್ಣೆಂಬ ಕಾರಣಕ್ಕೆ ಅದು ತಿರಸ್ಕಾರವಾಯಿತು. ಜನಾಂಗ ಬೇರ್ಪಡಿಸುವ ಕಟ್ಟಳೆಗಳಿಗೆ ಅಮೆರಿಕದಲ್ಲಿ ಜಿಮ್ ಕ್ರೋ ಎಂಬ ಹೆಸರಿತ್ತು. ಮರ್ರಿ ಈ ಇನ್ನೊಂದು ಕಟ್ಟಳೆಗೆ ಜೇನ್ ಕ್ರೋ ಎಂದು ಹೆಸರಿಟ್ಟರು. ಲೀಟ್ ಅವರ ಭಾಷಣವಾದ ಮರುತಿಂಗಳೇ, 1965ರ ಡಿಸೆಂಬರಿನಲ್ಲಿ, ಮರ್ರಿ ಮತ್ತು ಮೇರಿ ಈಸ್ಟ್‌ವುಡ್ ಬರೆದ 'ಜೇನ್ ಕ್ರೋ ಅಂಡ್ ದ ಲಾ' ಎಂಬ ಲೇಖನ ಕಾನೂನು ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಒಂದೇ ಚಳಿಗಾಲದಲ್ಲಿ ಒಂದೇ ಹೋಲಿಕೆಯ ಎರಡು ಪದಗಳು. ಒಂದು ಜಗತ್ತೆಲ್ಲ ಹರಡಿತು, ಇನ್ನೊಂದು ವಿದ್ವಾಂಸರ ಪುಸ್ತಕಗಳಲ್ಲಿ ಉಳಿಯಿತು. ಜಿಮ್ ಕ್ರೋ ಗೊತ್ತಿಲ್ಲದ ನಾಡುಗಳಿಗೆ ಜೇನ್ ಕ್ರೋ ಹೋಗಲಾರಳು, ನಿಜ. ಆದರೆ ಅವಳು ಹಿಂದುಳಿದಿದ್ದರಿಂದ ಒಂದು ನಷ್ಟವಾಯಿತು. ಎರಡೂ ಏಟು ತಿಂದವಳ ಬಾಯಿಂದ ಬಂದದ್ದು ಮರ್ರಿಯ ಪದ. ರೇಸಿಸಂ, ಸೆಕ್ಸಿಸಂ ಎಂದು ಅಕ್ಕಪಕ್ಕ ಇಟ್ಟಾಗ ಅವು ಇಬ್ಬರು ಬೇರೆ ಬೇರೆ ಮನುಷ್ಯರ ಕಷ್ಟಗಳಂತೆ ಕೇಳಿಸುತ್ತವೆ: ಒಬ್ಬ ಕಪ್ಪು ಗಂಡಸು, ಒಬ್ಬಳು ಬಿಳಿ ಹೆಂಗಸು.

ಶರ್ಲಿ ಚಿಸಮ್ ಚುನಾವಣೆಗೆ ಇಳಿದದ್ದು ಈ ಎರಡರ ನಡುವಿನಿಂದ. 1968ರಲ್ಲಿ ಬ್ರೂಕ್ಲಿನ್ನಿನಿಂದ ಅಮೆರಿಕದ ಸಂಸತ್ತಿಗೆ ನಿಂತಾಗ ಎದುರಾಳಿ ಜೇಮ್ಸ್ ಫಾರ್ಮರ್. ದಕ್ಷಿಣದ ಬಸ್ಸುಗಳಲ್ಲಿ ಬೇರ್ಪಡಿಕೆಯನ್ನು ಮುರಿದ 1961ರ ಫ್ರೀಡಂ ರೈಡ್‌ಗಳ ನಾಯಕ, ವರ್ಣಭೇದದ ವಿರುದ್ಧ ಜೀವ ಪಣಕ್ಕಿಟ್ಟವರು. ಅಂಥವರ ಪ್ರಚಾರದಲ್ಲಿ ವಾಷಿಂಗ್ಟನ್ನಿಗೆ ಗಂಡಸಿನ ದನಿ ಬೇಕು ಎಂಬ ಮಾತು ಮೊಳಗಿತು. ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಂಗಸರೇ ಹೆಚ್ಚಿರುವುದನ್ನು ಗಮನಿಸಿದ ಚಿಸಮ್ ಆ ಹೆಂಗಸರ ಬಳಿಗೆ ಹೋದರು, ಗೆದ್ದರು. ಅಮೆರಿಕದ ಸಂಸತ್ತಿನ ಮೊದಲ ಕಪ್ಪು ಮಹಿಳೆಯಾದರು. ಕಪ್ಪಾಗಿರುವುದಕ್ಕಿಂತ ಹೆಣ್ಣಾಗಿರುವುದೇ ತನ್ನ ದಾರಿಗೆ ಹೆಚ್ಚು ಅಡ್ಡ ಬಂತು ಎಂದು ಆಕೆ 1970ರ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ.

ಈ ಮಾತನ್ನು ಆಮೇಲೆ ಎಷ್ಟೋ ಜನ ತೀರ್ಪಿನಂತೆ ಬಳಸಿದರು. ನನಗದು ಒಬ್ಬ ರಾಜಕಾರಣಿಯ ಸಾಕ್ಷ್ಯದಂತೆ ಕಾಣುತ್ತದೆ. ಕಪ್ಪುಜನರೇ ಹೆಚ್ಚಿದ್ದ ಕ್ಷೇತ್ರದಲ್ಲಿ, ಕಪ್ಪು ಗಂಡಸಿನ ಎದುರು ನಿಂತವಳಿಗೆ ಬಣ್ಣ ಅಡ್ಡಿಯಾಗುವುದು ಹೇಗೆ? ದೇಶದ ಮಟ್ಟಕ್ಕೆ ಬಂದಾಗ ಲೆಕ್ಕ ಬೇರೆಯಾಯಿತು. 1972ರ ಜನವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆ ಘೋಷಿಸುವಾಗ, ತಾನು ಕಪ್ಪುಜನರ ಅಭ್ಯರ್ಥಿಯೆಂದಾಗಲಿ ಮಹಿಳೆಯರ ಅಭ್ಯರ್ಥಿಯೆಂದಾಗಲಿ ಕರೆದುಕೊಳ್ಳುವುದಿಲ್ಲ, ಜನರ ಅಭ್ಯರ್ಥಿ ಎಂದರು. ಆ ಮಾರ್ಚಿನಲ್ಲಿ ಇಂಡಿಯಾನಾದ ಗ್ಯಾರಿಯಲ್ಲಿ ಸೇರಿದ ಕಪ್ಪುಜನರ ರಾಜಕೀಯ ಸಮಾವೇಶ ಆಕೆಗೆ ಬೆಂಬಲ ಘೋಷಿಸಲಿಲ್ಲ. ಮಹಿಳಾ ಚಳವಳಿಯ ಹಲವು ಪ್ರಮುಖರು ಗೆಲ್ಲಬಲ್ಲವರೆಂದು ಆಕೆಯ ಪ್ರತಿಸ್ಪರ್ಧಿ ಮೆಕ್‌ಗವರ್ನ್ ಕಡೆ ವಾಲಿದರು. ಪಕ್ಷದ ಮಯಾಮಿ ಬೀಚ್ ಅಧಿವೇಶನದಲ್ಲಿ ಆಕೆಗೆ ಸಿಕ್ಕಿದ್ದು ಪ್ರತಿನಿಧಿಗಳ ಸುಮಾರು 152 ಮತ. ಒಂದು ಪದದವರು ಇನ್ನೊಂದು ಪದದ ಕಡೆ ಬೆರಳು ತೋರಿಸಿದರು, ಎರಡೂ ಮನೆಯವಳಾದವಳು ಹೊರಗೆ ನಿಂತಳು.

2008ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗೆ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ಎದುರುಬದುರಾದಾಗ ಪದಗಳ ಜೋಡಿಗೆ ತಕ್ಕ ಜೋಡಿ ಸಿಕ್ಕಂತಾಯಿತು. ಹೆಣ್ತನವೇ ಅಮೆರಿಕದಲ್ಲಿ ಅತಿ ದೊಡ್ಡ ತಡೆ ಎಂಬರ್ಥದಲ್ಲಿ ಮಹಿಳಾ ಚಳವಳಿಯ ನಾಯಕಿ ಗ್ಲೋರಿಯಾ ಸ್ಟೈನಮ್ ಜನವರಿಯಲ್ಲಿ ಪತ್ರಿಕೆಗೆ ಬರೆದರು. ಕಪ್ಪು ಗಂಡಸರಿಗೆ ಹೆಂಗಸರಿಗಿಂತ ಅರ್ಧ ಶತಮಾನ ಮೊದಲೇ ಮತದ ಹಕ್ಕು ಬಂತೆಂದು ನೆನಪಿಸಿದರು. 1870 ಮತ್ತು 1920ರ ತಿದ್ದುಪಡಿಗಳನ್ನು ಕಾಗದದ ಮೇಲೆ ಓದಿದರೆ ಲೆಕ್ಕ ಸರಿ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸೂ ಕಪ್ಪು ಹೆಂಗಸೂ ಮತಗಟ್ಟೆಗೆ ನಿರ್ಭಯವಾಗಿ ಹೋಗಲು 1965ರ ಆಗಸ್ಟಿನ ಮತದಾನ ಹಕ್ಕು ಕಾಯಿದೆ ಬರಬೇಕಾಯಿತು. ಕಪ್ಪು ವಿದುಷಿಯರು ಸ್ಟೈನಮ್‌ಗೆ ಉತ್ತರ ಕೊಟ್ಟದ್ದು ಈ ನೆನಪಿನಿಂದಲೇ, ಮತ್ತು ಅದು ನ್ಯಾಯವಾದ ಉತ್ತರವಾಗಿತ್ತು. ಹಾಗೆಂದು ಒಬಾಮಾ ಗೆದ್ದದ್ದರಿಂದ ಬಣ್ಣದ ಅಡ್ಡಿ ಸಣ್ಣದೆಂದಾಗಲಿ, 2016ರಲ್ಲಿ ಸುಮಾರು 29 ಲಕ್ಷ ಮತ ಹೆಚ್ಚು ಪಡೆದೂ ಕ್ಲಿಂಟನ್ ಸೋತದ್ದರಿಂದ ಹೆಣ್ಣಿನ ಅಡ್ಡಿಯೇ ದೊಡ್ಡದೆಂದಾಗಲಿ ಹೇಳಲಾಗದು. ಒಬ್ಬೊಬ್ಬರ ಗೆಲುವು ಸೋಲು ಇಷ್ಟು ಭಾರ ಹೊರಲಾರದು.

ರಾಜ್ಯಪಾಲರ ಹುದ್ದೆ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಅಮೆರಿಕದಲ್ಲಿ ಅದು ಚುನಾಯಿತ ಹುದ್ದೆ, ನಮ್ಮ ಮುಖ್ಯಮಂತ್ರಿಯ ಅಧಿಕಾರಕ್ಕೆ ಹತ್ತಿರದ್ದು. ಅಧ್ಯಕ್ಷರಾದವರಲ್ಲಿ ಹಲವರು ಅಲ್ಲಿಂದಲೇ ಬಂದವರು. 1925ರಲ್ಲಿ ವಯೋಮಿಂಗ್‌ನ ನೆಲ್ಲಿ ಟೇಲೋ ರಾಸ್ ಮೊದಲುಗೊಂಡು ಎಷ್ಟೋ ಮಹಿಳೆಯರು ಆ ಕುರ್ಚಿಯಲ್ಲಿ ಕೂತಿದ್ದಾರೆ, ಬಹುಪಾಲು ಬಿಳಿಯರು. ಚುನಾವಣೆ ಗೆದ್ದು ಅಲ್ಲಿಗೆ ಬಂದ ಕಪ್ಪು ಗಂಡಸರು ಮೂವರು: 1989ರಲ್ಲಿ ವರ್ಜೀನಿಯಾದ ಡಗ್ಲಸ್ ವೈಲ್ಡರ್, 2006ರಲ್ಲಿ ಮ್ಯಾಸಚೂಸೆಟ್ಸಿನ ಡೆವಲ್ ಪ್ಯಾಟ್ರಿಕ್, 2022ರಲ್ಲಿ ಮೇರಿಲ್ಯಾಂಡಿನ ವೆಸ್ ಮೋರ್. 2018ರಲ್ಲಿ ಆ ಹುದ್ದೆಗೆ ನಿಂತ ಜಾರ್ಜಿಯಾದ ಕಪ್ಪು ಮಹಿಳೆ ಸ್ಟೇಸಿ ಏಬ್ರಮ್ಸ್ ಸುಮಾರು 55 ಸಾವಿರ ಮತಗಳಿಂದ ಸೋತರು, 2022ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ಆ ಹುದ್ದೆಗೆ ಆಯ್ಕೆಯಾದ ಕಪ್ಪು ಮಹಿಳೆ ಈವರೆಗೆ ಒಬ್ಬರೂ ಇಲ್ಲ.